ಮೂರು ‘ಬಯಾಟಿಕ್’ ಒಂದೇ ಪುಡಿಯಲ್ಲಿ: ತಿಂದ ಮೇಲೆ ಹೊಟ್ಟೆ ಉಬ್ಬರ ಯಾಕೆ ಜಾಸ್ತಿಯಾಯಿತು?

ಪ್ರಶ್ನೆ: ಡಾಕ್ಟ್ರೇ, ನನಗೆ 46 ವರ್ಷ. ದಾವಣಗೆರೆಯಲ್ಲಿ ಟೈಲರಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಕಳೆದ ವರ್ಷ ಒಂದು ಮದುವೆ ಊಟ ಮಾಡಿ ಬಂದ ಮೇಲೆ ನಾಲ್ಕು ದಿನ ಭೇದಿ, ಜ್ವರ. ಆಂಟಿಬಯಾಟಿಕ್ ಕೊಟ್ಟರು, ವಾಸಿಯಾಯಿತು. ಆದರೆ ಅಲ್ಲಿಂದೀಚೆಗೆ ಹೊಟ್ಟೆ ಮೊದಲಿನ ಹಾಗಿಲ್ಲ. ಊಟವಾಗಿ ಒಂದು ಗಂಟೆಗೆಲ್ಲ ಉಬ್ಬರ, ಗುಡುಗುಡು ಸದ್ದು. ಒಂದು ದಿನ ಮೂರು ಸಲ ಹೋಗಬೇಕು, ಮರುದಿನ ಏನೂ ಇಲ್ಲ. ಸಂಜೆ ಮಂಡಕ್ಕಿ ತಿನ್ನುವುದನ್ನೂ ಬಿಟ್ಟೆ. ಶುಗರ್ ಇದೆ. ನಾಲ್ಕು ತಿಂಗಳ ಹಿಂದೆ ಮೆಟ್‌ಫಾರ್ಮಿನ್ 500 ಇದ್ದದ್ದನ್ನು 1000 ಮಾಡಿದರು, ದಿನಕ್ಕೆ ಎರಡು ಸಲ. ಗ್ಯಾಸ್ ಮಾತ್ರೆ ಒಂದು ವರ್ಷದಿಂದ ದಿನಾ ಬೆಳಿಗ್ಗೆ ನುಂಗುತ್ತಿದ್ದೇನೆ. ಪರಿಚಯದವರೊಬ್ಬರು ಪ್ರಿಬಯಾಟಿಕ್, ಪ್ರೋಬಯಾಟಿಕ್, ಪೋಸ್ಟ್‌ಬಯಾಟಿಕ್ ಮೂರೂ ಇರುವ ಪುಡಿ ಕೊಟ್ಟರು. ತಿಂಗಳಿಗೆ 2,400 ರೂಪಾಯಿ. ಎರಡು ತಿಂಗಳಾಯಿತು, ಉಬ್ಬರ ಇನ್ನೂ ಜಾಸ್ತಿಯಾಗಿದೆ. ಕೇಳಿದರೆ ‘ಒಳಗಿನ ಕಸ ಹೊರಗೆ ಬರ್ತಿದೆ, ಈಗ ನಿಲ್ಲಿಸಿದರೆ ಮೊದಲಿಗಿಂತ ಹಾಳಾಗುತ್ತೆ’ ಅನ್ನುತ್ತಾರೆ. ಮೊಸರಿನ ಬ್ಯಾಕ್ಟೀರಿಯಾ ಕಂಡುಹಿಡಿದವರಿಗೆ ನೊಬೆಲ್ ಬಂದಿದೆಯಂತೆ. ನಮ್ಮತ್ತೆ ‘ಮಜ್ಜಿಗೆ ಕುಡಿದರೆ ಸಾಕು, ದುಡ್ಡು ದಂಡ’ ಅನ್ನುತ್ತಾರೆ. ಅವರಿಗೆ ಸ್ತನ ಕ್ಯಾನ್ಸರ್‌ಗೆ ಕಿಮೋ ನಡೆಯುತ್ತಿದೆ, ಅವರಿಗೂ ಈ ಪುಡಿ ಕೊಡಬಹುದಾ? ಮಗಳು ಆನ್‌ಲೈನ್‌ನಲ್ಲಿ ಮಲದ ಪರೀಕ್ಷೆ ಮಾಡಿಸಿ, ಯಾವ ಬ್ಯಾಕ್ಟೀರಿಯಾ ಕಮ್ಮಿ ಇದೆ ಅಂತ ಗೊತ್ತಾಗುತ್ತೆ ಅನ್ನುತ್ತಾಳೆ. ಏನು ಮಾಡಲಿ?

ಉತ್ತರ: ಅತ್ತೆಯವರ ಬಗ್ಗೆ ಕೇಳಿದ್ದಕ್ಕೆ ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಅದು ಕಾಯುವ ವಿಷಯವಲ್ಲ. ಅವರಿಗೆ ಈ ಪುಡಿ ಕೊಡಬೇಡಿ.

ಕಿಮೋ ನಡೆಯುವಾಗ ರಕ್ತದಲ್ಲಿ ಬಿಳಿ ಕಣಗಳು ಇಳಿಯುತ್ತವೆ. ಕರುಳಿನ ಒಳಪದರಕ್ಕೂ ಪೆಟ್ಟು ಬಿದ್ದಿರುತ್ತದೆ. ಆರೋಗ್ಯವಾಗಿರುವವರ ಹೊಟ್ಟೆಯಲ್ಲಿ ತಂಟೆ ಮಾಡದೆ ಹಾದುಹೋಗುವ ಬ್ಯಾಕ್ಟೀರಿಯಾ ಅಂಥವರಲ್ಲಿ ರಕ್ತಕ್ಕೆ ಸೇರಿ ಸೋಂಕು ತರಬಹುದು. ಇದು ಅಪರೂಪ. ಆದರೆ ಆಯಿತೆಂದರೆ ಜೀವಕ್ಕೇ ಬರುತ್ತದೆ. ಅವರಿಗೆ ಔಷಧಿ ಹಾಕಲು ಎದೆಯ ಹತ್ತಿರ ಪೋರ್ಟ್ ಇಟ್ಟಿದ್ದರೆ ಇನ್ನೂ ಒಂದು ಎಚ್ಚರ ಬೇಕು. ಪ್ಯಾಕೆಟ್‌ನಲ್ಲಿ ಸ್ಯಾಕರೊಮೈಸಿಸ್ ಬೌಲಾರ್ಡಿ ಎಂಬ ಯೀಸ್ಟ್ ಇದೆಯಾ ನೋಡಿ. ಇದ್ದರೆ ಅದನ್ನು ಅವರ ಕೋಣೆಯಲ್ಲಿ ಬಿಚ್ಚಲೇಬೇಡಿ. ಆ ಪುಡಿ ಗಾಳಿಗೆ ಏಳುತ್ತದೆ, ಕೈಗೆ ಅಂಟುತ್ತದೆ. ಪಕ್ಕದ ರೋಗಿಗೆಂದು ಬಿಚ್ಚಿದ ಪ್ಯಾಕೆಟ್‌ನಿಂದ ಯೀಸ್ಟ್ ರಕ್ತಕ್ಕೆ ಸೇರಿದ ಪ್ರಕರಣಗಳು ಆಸ್ಪತ್ರೆಗಳಲ್ಲಿ ದಾಖಲಾಗಿವೆ. ಮನೆಯಲ್ಲಿ ಕಾಯಿಸಿದ ಹಾಲಿಗೆ ಹೆಪ್ಪು ಹಾಕಿದ ತಾಜಾ ಮೊಸರು ಬೇರೆ ವಿಷಯ. ಆದರೂ ಬಿಳಿ ಕಣ ತೀರಾ ಇಳಿದ ದಿನಗಳಲ್ಲಿ ಅದನ್ನೂ ಕೊಡಬಹುದಾ ಅಂತ ಅವರ ಕ್ಯಾನ್ಸರ್ ವೈದ್ಯರನ್ನು ಕೇಳಿ.

‘ಮೊಸರಿನ ಥರಾನೇ, ಸೈಡ್ ಎಫೆಕ್ಟ್ ಇಲ್ಲ’ ಎಂದು ಮಾರುವವರು ಹೇಳುವ ಮಾತು ಆರೋಗ್ಯವಂತರ ಮಟ್ಟಿಗೆ ಬಹುಪಾಲು ಸರಿ. ಎಲ್ಲರ ಮಟ್ಟಿಗೆ ಅಲ್ಲ. 2008ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಪ್ಯಾಂಕ್ರಿಯಾಸ್ ತೀವ್ರವಾಗಿ ಊದಿಕೊಂಡ ರೋಗಿಗಳಿಗೆ ಪ್ರೋಬಯಾಟಿಕ್ ಕೊಟ್ಟು ನೋಡಿದರು. ಕೊಟ್ಟವರಲ್ಲಿ ನೂರಕ್ಕೆ 16 ಜನ ತೀರಿಕೊಂಡರು, ಕೊಡದವರಲ್ಲಿ 6. 2023ರಲ್ಲಿ ಅಮೆರಿಕದ ಆಹಾರ ಮತ್ತು ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ, ದಿನ ತುಂಬುವ ಮೊದಲೇ ಹುಟ್ಟಿದ ಶಿಶುಗಳಿಗೆ ಇವುಗಳನ್ನು ಕೊಡುವ ಬಗ್ಗೆ ಎಚ್ಚರಿಕೆ ಹೊರಡಿಸಿತು. ಇದನ್ನು ಹೆದರಿಸಲು ಹೇಳುತ್ತಿಲ್ಲ. ಜೀವ ಇರುವ ಸೂಕ್ಷ್ಮಜೀವಿಯನ್ನು ಮಾರುತ್ತಿದ್ದೇವೆ ಎನ್ನುವುದನ್ನು ಮಾರುವವರು ಮರೆತಿರುತ್ತಾರೆ, ಅಷ್ಟೆ.

ಇನ್ನು ನಿಮ್ಮ ಹೊಟ್ಟೆಯ ವಿಷಯ. ಆಂಟಿಬಯಾಟಿಕ್‌ನಿಂದ ಒಳ್ಳೆಯ ಬ್ಯಾಕ್ಟೀರಿಯಾ ಎಲ್ಲ ಸತ್ತುಹೋಗಿವೆ, ಹೊರಗಿನಿಂದ ತುಂಬಿಸದಿದ್ದರೆ ಸರಿಹೋಗುವುದಿಲ್ಲ ಎನ್ನುವುದು ನಿಮ್ಮ ಭಯ ಇರಬೇಕು. ತುಂಬಿಸಲು ಹೋದರೆ ತೊಂದರೆ ಹೆಚ್ಚಾಗಿದೆ. ನಿಲ್ಲಿಸಲು ಇನ್ನೊಂದು ಭಯ. ಇಂಥ ಪ್ಯಾಕೆಟ್ ಕೈಯಲ್ಲಿ ಹಿಡಿದುಕೊಂಡು ನನ್ನ ಹತ್ತಿರ ಬರುವವರು ಈಚೆಗೆ ಜಾಸ್ತಿಯಾಗಿದ್ದಾರೆ. ಎಲ್ಲರೂ ಕೇಳುವುದು ಯಾವ ಕಂಪನಿಯದು ಒಳ್ಳೇದು ಅಂತ. ನಾನು ಯಾವ ತೊಂದರೆಗೆ ಅಂತ ತಿರುಗಿ ಕೇಳುತ್ತೇನೆ. ಅದಕ್ಕೆ ಉತ್ತರ ಇಲ್ಲದಿದ್ದರೆ ಕಂಪನಿಯ ಹೆಸರು ತಗೊಂಡು ಏನು ಮಾಡುವುದು?

ಮೂರು ಹೆಸರುಗಳನ್ನು ಬೇಗ ಬಿಡಿಸಿಬಿಡೋಣ. ಪ್ರೋಬಯಾಟಿಕ್ ಎಂದರೆ ಜೀವಂತ ಸೂಕ್ಷ್ಮಜೀವಿ. ಸಾಕಷ್ಟು ಪ್ರಮಾಣದಲ್ಲಿ ತೆಗೆದುಕೊಂಡಾಗ ಆರೋಗ್ಯಕ್ಕೆ ಲಾಭ ಆಗಬೇಕು, ಆಗ ಮಾತ್ರ ಆ ಹೆಸರು. ಇದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಸಂಸ್ಥೆ ಎಫ್‌ಎಒ 2001ರಲ್ಲಿ ಕೊಟ್ಟ ಅರ್ಥ. ಪ್ರಿಬಯಾಟಿಕ್ ಎಂದರೆ ನಮಗೆ ಜೀರ್ಣವಾಗದೆ ಕೆಳಗಿಳಿದು, ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುವ ವಸ್ತು. ಈರುಳ್ಳಿ, ಬೆಳ್ಳುಳ್ಳಿಯಲ್ಲಿರುವ ಇನ್ಯುಲಿನ್ ಇದಕ್ಕೆ ಉದಾಹರಣೆ. ಪೋಸ್ಟ್‌ಬಯಾಟಿಕ್ ಎಂದರೆ ಸತ್ತ ಸೂಕ್ಷ್ಮಜೀವಿ ಅಥವಾ ಅದರ ಚೂರುಗಳಿಂದ ಮಾಡಿದ್ದು. ಇದಕ್ಕೆ ತಜ್ಞರು ಸೇರಿ ಒಂದು ಅರ್ಥ ಕೊಟ್ಟಿದ್ದೇ 2021ರಲ್ಲಿ. ಲಾಭ ತೋರಿಸಿರಬೇಕು ಎಂಬ ಷರತ್ತು ಅಲ್ಲೂ ಇದೆ. ಸದ್ಯಕ್ಕೆ ಅಂಥ ಪುರಾವೆ ತುಂಬಾ ತೆಳ್ಳಗಿದೆ. ನಿಮ್ಮ ಪುಡಿಯ ಮೂರನೆಯ ಭಾಗದ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಲು ಏನೂ ಇಲ್ಲ.

ಉಬ್ಬರ ಹೆಚ್ಚಿಸಿರುವುದು ಬಹುತೇಕ ಎರಡನೆಯ ಭಾಗ, ಅಂದರೆ ಪ್ರಿಬಯಾಟಿಕ್. ಪ್ಯಾಕೆಟ್‌ನ ಹಿಂಬದಿ ನೋಡಿ. ಎಫ್‌ಒಎಸ್ ಅಥವಾ ಫ್ರಕ್ಟೋ ಆಲಿಗೋಸ್ಯಾಕರೈಡ್, ಇನ್ಯುಲಿನ್, ಚಿಕೋರಿ ಬೇರಿನ ನಾರು ಎಂದೆಲ್ಲ ಇರುತ್ತದೆ. ಇವು ಸಣ್ಣ ಕರುಳಿನಲ್ಲಿ ಜೀರ್ಣವಾಗುವುದಿಲ್ಲ. ದೊಡ್ಡ ಕರುಳಿಗೆ ಬಂದ ಕೂಡಲೇ ಅಲ್ಲಿನ ಬ್ಯಾಕ್ಟೀರಿಯಾ ಮುತ್ತಿಕೊಂಡು ಹುದುಗಿಸುತ್ತವೆ. ಹುದುಗಿದರೆ ಗಾಳಿ ಹುಟ್ಟುತ್ತದೆ. ಅವುಗಳ ಕೆಲಸವೇ ಅದು, ದೋಷವಲ್ಲ. ಗಟ್ಟಿ ಹೊಟ್ಟೆಯವರಿಗೆ ಸ್ವಲ್ಪ ಗಾಳಿ ಹೋಗಿ ಮುಗಿಯುತ್ತದೆ. ಆದರೆ ಕರುಳಿನ ನರಗಳು ಸೂಕ್ಷ್ಮವಾಗಿರುವವರಿಗೆ ಅಷ್ಟೇ ಗಾಳಿ ನೋವಾಗಿ, ಬಿಗಿತವಾಗಿ ತಿಳಿಯುತ್ತದೆ. ಇಂಥವರಿಗೆ ನಾವು ಕೆಲವು ವಾರ ಈ ಜಾತಿಯ ಪದಾರ್ಥಗಳನ್ನು ಕಡಿಮೆ ಮಾಡಿ ಅಂತ ಹೇಳುತ್ತೇವೆ. ನೀವು ದುಡ್ಡು ಕೊಟ್ಟು ದಿನಾ ಚಮಚದಲ್ಲಿ ತಿನ್ನುತ್ತಿದ್ದೀರಿ.

‘ಕಸ ಹೊರಗೆ ಬರ್ತಿದೆ’ ಎನ್ನುವುದಕ್ಕೆ ಯಾವ ಆಧಾರವೂ ಇಲ್ಲ. ಆದರೆ ಮಾರಾಟಕ್ಕೆ ಬಹಳ ಅನುಕೂಲದ ಮಾತು. ಗುಣವಾದರೆ ಪುಡಿಯಿಂದ, ಜಾಸ್ತಿಯಾದರೂ ಪುಡಿ ಕೆಲಸ ಮಾಡುತ್ತಿದೆ! ನಿಲ್ಲಿಸಿದರೆ ಹಾಳಾಗುತ್ತೆ ಎನ್ನುವುದೂ ಇದೇ ಬಗೆಯದು. ಹೊರಗಿನಿಂದ ಬಂದ ಈ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವು ಕರುಳಿನಲ್ಲಿ ನೆಲೆ ನಿಲ್ಲುವುದೇ ಇಲ್ಲ. ನಿಲ್ಲಿಸಿದ ಕೆಲವು ದಿನ, ಹೆಚ್ಚೆಂದರೆ ಕೆಲವು ವಾರದಲ್ಲಿ ಮಲದ ಜೊತೆ ಹೊರಟುಹೋಗುತ್ತವೆ. ಇವತ್ತೇ ನಿಲ್ಲಿಸಿ. ಏನೂ ಆಗುವುದಿಲ್ಲ.

‘ತುಂಬಿಸುವ’ ಲೆಕ್ಕವನ್ನೂ ನೋಡೋಣ. ಇಂಥ ಪ್ಯಾಕೆಟ್‌ಗಳ ಮೇಲೆ 50 ಬಿಲಿಯನ್ ಅಂತ ದೊಡ್ಡದಾಗಿ ಬರೆದಿರುತ್ತದೆ. ನಮ್ಮ ಲೆಕ್ಕದಲ್ಲಿ 5,000 ಕೋಟಿ. ಕೇಳಲು ಭರ್ಜರಿ. ಆದರೆ ನಮ್ಮ ದೇಹದಲ್ಲಿರುವ ಬ್ಯಾಕ್ಟೀರಿಯಾ ಸುಮಾರು 38 ಲಕ್ಷ ಕೋಟಿ ಎಂದು 2016ರಲ್ಲಿ ಅಂದಾಜು ಮಾಡಿದ್ದಾರೆ. ಹೆಚ್ಚಿನ ಪಾಲು ದೊಡ್ಡ ಕರುಳಿನಲ್ಲೇ. ಅಂದರೆ ಪುಡಿಯಲ್ಲಿರುವುದು ಸಾವಿರಕ್ಕೆ ಒಂದು ಚಿಲ್ಲರೆ. ಇದರಿಂದ ಏನೂ ಆಗುವುದಿಲ್ಲ ಎಂದಲ್ಲ, ಸಣ್ಣ ಸಂಖ್ಯೆಯೂ ಕೆಲಸ ಮಾಡಬಹುದು. ಆದರೆ ಖಾಲಿಯಾದದ್ದನ್ನು ಭರ್ತಿ ಮಾಡುತ್ತದೆ ಎನ್ನುವ ಚಿತ್ರ ತಪ್ಪು. ಆಂಟಿಬಯಾಟಿಕ್ ಮುಗಿದ ಮೇಲೆ ಬಹಳ ಜನರಲ್ಲಿ ಹಳೆಯ ಬ್ಯಾಕ್ಟೀರಿಯಾಗಳು ಒಂದೆರಡು ತಿಂಗಳಲ್ಲಿ ಬಹುಮಟ್ಟಿಗೆ ತಾವೇ ವಾಪಸ್ ಬರುತ್ತವೆ. 2018ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು ಒಂದು ಸಣ್ಣ ಅಧ್ಯಯನ ಮಾಡಿದರು. ಆಂಟಿಬಯಾಟಿಕ್ ತಗೊಂಡ ಆರೋಗ್ಯವಂತರಲ್ಲಿ ಕೆಲವರಿಗೆ ಹಲವು ತಳಿ ಕೂಡಿಸಿದ ಪ್ರೋಬಯಾಟಿಕ್ ಕೊಟ್ಟರು, ಕೆಲವರನ್ನು ಹಾಗೇ ಬಿಟ್ಟರು. ಕೊಟ್ಟವರಲ್ಲಿ ಅವರದೇ ಬ್ಯಾಕ್ಟೀರಿಯಾ ವಾಪಸ್ ಬರುವುದು ತಡವಾಯಿತು. ಒಂದೇ ಅಧ್ಯಯನದಿಂದ ಕೊನೆಯ ತೀರ್ಪು ಕೊಡಲಾಗದು. ಆದರೆ ಜಾಹೀರಾತಿನಲ್ಲಿ ಹೇಳುವುದಕ್ಕೆ ಉಲ್ಟಾ ಬಂತು, ಅಲ್ವಾ?

ಹಾಗಾದರೆ ಪ್ರೋಬಯಾಟಿಕ್ ಎಲ್ಲ ಸುಳ್ಳಾ? ಅಲ್ಲ. ಒಡಿಶಾದ ಹಳ್ಳಿಗಳಲ್ಲಿ 4,500ಕ್ಕೂ ಹೆಚ್ಚು ನವಜಾತ ಶಿಶುಗಳ ಮೇಲೆ ನಡೆದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಅವು ದಿನ ತುಂಬಿ ಅಥವಾ ಹೆಚ್ಚುಕಮ್ಮಿ ತುಂಬಿ ಹುಟ್ಟಿದ, ಕನಿಷ್ಠ ಎರಡು ಕಿಲೋ ತೂಕದ ಮಕ್ಕಳು. ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಮ್‌ನ ಒಂದು ಗೊತ್ತಾದ ತಳಿಯನ್ನು ಎಫ್‌ಒಎಸ್ ಜೊತೆ ಒಂದು ವಾರ ಕೊಟ್ಟರು. ರಕ್ತದ ಸೋಂಕು ಅಥವಾ ಸಾವು ನೂರಕ್ಕೆ 9 ಇದ್ದದ್ದು 5.4ಕ್ಕೆ ಇಳಿಯಿತು. ಸಣ್ಣ ಮಾತಲ್ಲ. ಆದರೆ ಅದೇ ಲ್ಯಾಕ್ಟೋಬ್ಯಾಸಿಲಸ್ ಗುಂಪಿನ ಬೇರೊಂದು ತಳಿಯನ್ನು ಅಮೆರಿಕದಲ್ಲಿ ವಾಂತಿ ಭೇದಿಯ ಮಕ್ಕಳಿಗೆ ಕೊಟ್ಟಾಗ ಏನೂ ಪ್ರಯೋಜನ ಕಾಣಲಿಲ್ಲ. 2018ರ ಆ ಅಧ್ಯಯನ ಒಳ್ಳೆಯ ಗುಣಮಟ್ಟದ್ದೇ. ನಮ್ಮ ಜಿಲ್ಲೆಯಲ್ಲಿ ಮೆಕ್ಕೆಜೋಳದ ಬೀಜ ಕೊಳ್ಳುವ ರೈತ ಯಾವ ತಳಿ, ಎಷ್ಟು ದಿನದ್ದು, ನೀರಾವರಿಗೋ ಮಳೆಯಾಶ್ರಿತಕ್ಕೋ ಅಂತ ಕೇಳದೆ ಚೀಲ ಎತ್ತುವುದಿಲ್ಲ. ಬ್ಯಾಕ್ಟೀರಿಯಾ ವಿಷಯದಲ್ಲೂ ಅಷ್ಟೇ ಕಟ್ಟುನಿಟ್ಟು ಬೇಕು. ಬರೀ ಲ್ಯಾಕ್ಟೋಬ್ಯಾಸಿಲಸ್ ಅಂದರೆ ಮಾಹಿತಿ ಸಾಲದು. ಹೆಸರಿನ ಕೊನೆಗೆ ತಳಿಯ ಸಂಕೇತ, ಅಂದರೆ ಅಕ್ಷರವೋ ಅಂಕಿಯೋ ಇರಬೇಕು. ಆ ತಳಿಯನ್ನು ನಿಮ್ಮಂಥ ತೊಂದರೆ ಇರುವವರಲ್ಲೇ ಪರೀಕ್ಷಿಸಿರಬೇಕು.

ಅಮೆರಿಕದ ಜೀರ್ಣಾಂಗ ತಜ್ಞರ ಸಂಘ 2020ರಲ್ಲಿ ಇರುವ ಪುರಾವೆಯನ್ನೆಲ್ಲ ಜಾಲಾಡಿತು. ಹೆಚ್ಚಿನ ಹೊಟ್ಟೆ ಕಾಯಿಲೆಗಳಿಗೆ ಪ್ರೋಬಯಾಟಿಕ್ ಕೊಡಿ ಎನ್ನಲು ಆಧಾರ ಸಾಲದು ಎಂದಿತು. ಒಪ್ಪಿದ ಕೆಲವೇ ಸಂದರ್ಭಗಳಲ್ಲಿ ಒಂದು, ಆಂಟಿಬಯಾಟಿಕ್ ತಗೊಳ್ಳುವಾಗಲೇ ಕೆಲವು ತಳಿಗಳನ್ನು ಕೊಟ್ಟು ಒಂದು ಬಗೆಯ ಕೆಟ್ಟ ಭೇದಿಯನ್ನು ತಡೆಯುವುದು. ಗಮನಿಸಿ: ತಗೊಳ್ಳುವಾಗ, ಅದೂ ಮೊದಲ ಒಂದೆರಡು ದಿನದಲ್ಲೇ ಶುರು ಮಾಡಿದರೆ. ವರ್ಷ ಕಳೆದ ಮೇಲೆ ಅಲ್ಲ.

ಪುಡಿಯ ಮೇಲಿರುವ ಎಫ್‌ಎಸ್‌ಎಸ್‌ಎಐ ಮುದ್ರೆ, 14 ಅಂಕಿಯ ಸಂಖ್ಯೆ ತೋರಿಸಿ ‘ಸರ್ಕಾರವೇ ಒಪ್ಪಿದೆ’ ಅಂದಿರಬಹುದು. ಅದು ಆಹಾರ ತಯಾರಿಸಿ ಮಾರಲು ಕೊಟ್ಟ ಲೈಸೆನ್ಸ್. ಉಪ್ಪಿನಕಾಯಿ ಡಬ್ಬದ ಮೇಲೂ ಇರುತ್ತದೆ. ಕಾಯಿಲೆ ವಾಸಿ ಮಾಡುತ್ತದೆ ಎನ್ನುವುದಕ್ಕೆ ಪುರಾವೆ ಅಲ್ಲ. ಈ ವ್ಯಾಪಾರ ಇಷ್ಟು ಬೇಗ ಬೆಳೆದಿರುವುದಕ್ಕೆ ಇದೂ ಒಂದು ಕಾರಣ. ಔಷಧಿ ಎಂದು ಮಾರಿದರೆ ರೋಗಿಗಳ ಮೇಲೆ ಪರೀಕ್ಷಿಸಿ ತೋರಿಸಬೇಕು. ಆಹಾರ ಎಂದು ಮಾರಿದರೆ ಅಷ್ಟು ತಾಪತ್ರಯ ಇಲ್ಲ. ಇನ್ನೊಂದು, ಬಿಸಿಲು. ಬೀಜಾಣು ರೂಪದಲ್ಲಿರುವ ಬ್ಯಾಸಿಲಸ್ ಜಾತಿಯವು ಶಾಖ ತಡೆಯುತ್ತವೆ. ಲ್ಯಾಕ್ಟೋಬ್ಯಾಸಿಲಸ್, ಬೈಫಿಡೋಬ್ಯಾಕ್ಟೀರಿಯಂ ಅಷ್ಟು ಗಟ್ಟಿ ಅಲ್ಲ. ಏಪ್ರಿಲ್‌ನ ದಾವಣಗೆರೆಯಲ್ಲಿ ಕೊರಿಯರ್ ವ್ಯಾನ್‌ನೊಳಗೆ ದಿನವಿಡೀ ಕೂತ ಡಬ್ಬದಲ್ಲಿ ಎಷ್ಟು ಬದುಕಿವೆ ಎಂದು ಯಾರು ಎಣಿಸುತ್ತಾರೆ? ಲೇಬಲ್‌ನಲ್ಲಿರುವ ಸಂಖ್ಯೆ ತಯಾರಿಸಿದ ದಿನದ್ದೋ, ಅವಧಿ ಮುಗಿಯುವ ತನಕ ಖಾತ್ರಿಯದ್ದೋ ಎಂದು ನೋಡಬೇಕು. ಬಹಳ ಡಬ್ಬಗಳಲ್ಲಿ ಅದನ್ನು ಬರೆದೇ ಇರುವುದಿಲ್ಲ.

ನೊಬೆಲ್ ಮಾತು ಅರ್ಧ ಸತ್ಯ. ರಷ್ಯಾದ ಇಲ್ಯಾ ಮೆಚ್ನಿಕೋಫ್‌ಗೆ 1908ರಲ್ಲಿ ನೊಬೆಲ್ ಬಂದದ್ದು ನಿಜ. ಆದರೆ ಅದು ದೇಹದ ರೋಗನಿರೋಧಕ ಶಕ್ತಿಯ ಕೆಲಸಕ್ಕೆ. ಮೊಸರು ತಿಂದರೆ ಆಯಸ್ಸು ಹೆಚ್ಚುತ್ತದೆ ಎಂದು ಅವರು ನಂಬಿದ್ದರು. ಆ ನಂಬಿಕೆಗೆ ಯಾರೂ ಪ್ರಶಸ್ತಿ ಕೊಟ್ಟಿಲ್ಲ.

ನಿಮ್ಮತ್ತೆಯ ಮಾತಿನ ಕಡೆಗೆ ನಾನು ಹೆಚ್ಚು ವಾಲುತ್ತೇನೆ, ಒಂದು ತಿದ್ದುಪಡಿಯ ಜೊತೆ. ಮನೆಯ ಮೊಸರಿನಲ್ಲಿ ಗ್ರಾಂಗೆ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇರುತ್ತವೆ. ಆದರೆ ಯಾವ ತಳಿ ಎಂದು ಗೊತ್ತಿಲ್ಲ, ಮನೆಯಿಂದ ಮನೆಗೆ ಬೇರೆ. ಹಾಗಾಗಿ ಕಟ್ಟುನಿಟ್ಟಾಗಿ ನೋಡಿದರೆ ಅದು ಪ್ರೋಬಯಾಟಿಕ್ ಅಲ್ಲ, ಒಳ್ಳೆಯ ಆಹಾರ. ಹಾಲಿನ ಲ್ಯಾಕ್ಟೋಸ್ ಸಕ್ಕರೆ ಜೀರ್ಣವಾಗದವರಿಗೆ ಮೊಸರಿನ ಜೀವಂತ ಬ್ಯಾಕ್ಟೀರಿಯಾ ಸಹಾಯ ಮಾಡುತ್ತವೆ ಎನ್ನುವುದು ಮಾತ್ರ ಸಾಬೀತಾಗಿದೆ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಪ್ರೋಬಯಾಟಿಕ್ ಕಂಪನಿಗಳ ಹೇಳಿಕೆಗಳನ್ನು ಸಾಲುಸಾಲಾಗಿ ತಳ್ಳಿಹಾಕಿತು. 2010ರಲ್ಲಿ ಇದೊಂದನ್ನು ಒಪ್ಪಿತು. ಇನ್ನು ದೋಸೆ ಹಿಟ್ಟು ಪ್ರೋಬಯಾಟಿಕ್ ಎನ್ನುವ ರೀಲ್ಸ್ ಓಡಾಡುತ್ತಿವೆ. ಹಿಟ್ಟಿನಲ್ಲಿ ಬ್ಯಾಕ್ಟೀರಿಯಾ ಧಾರಾಳವಾಗಿವೆ, ನಿಜ. ಕಾದ ಕಾವಲಿ ಮೇಲೆ ಹೆಚ್ಚುಕಮ್ಮಿ ಒಂದೂ ಉಳಿಯುವುದಿಲ್ಲ. ಬೆಣ್ಣೆ ದೋಸೆಯನ್ನು ರುಚಿಗೆ ತಿನ್ನಿ, ಔಷಧಿ ಅಂತ ತಿನ್ನಬೇಡಿ.

ಈಗ ನಿಜವಾದ ಕಾರಣ ಹುಡುಕೋಣ. ನಿಮ್ಮ ಪತ್ರದಲ್ಲೇ ಒಂದಲ್ಲ, ನಾಲ್ಕು ಸಿಕ್ಕವು.

ಮೊದಲನೆಯದು ಆ ಮದುವೆ ಊಟ. ಜೋರು ವಾಂತಿ ಭೇದಿ ಆದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ, ಸೋಂಕು ಹೋದ ಮೇಲೂ ಕರುಳು ಅತಿಸೂಕ್ಷ್ಮವಾಗಿ ಉಳಿಯುತ್ತದೆ. ಇದಕ್ಕೆ ಸೋಂಕಿನ ನಂತರದ ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್, ಅಂದರೆ ಕರುಳು ಕೆರಳುವ ತೊಂದರೆ) ಅನ್ನುತ್ತೇವೆ. ಒಂದು ದಿನ ಮೂರು ಸಲ, ಮರುದಿನ ಇಲ್ಲ ಎನ್ನುವ ನಿಮ್ಮ ವರ್ಣನೆ ಇದಕ್ಕೆ ಹೊಂದುತ್ತದೆ. ತುಂಬಾ ಜನರಲ್ಲಿ ಕಾಲಕ್ರಮೇಣ ಇಳಿಯುತ್ತದೆ.

ಎರಡನೆಯದು ಮೆಟ್‌ಫಾರ್ಮಿನ್. ಇದನ್ನು ಯಾರೂ ಅನುಮಾನಿಸುವುದೇ ಇಲ್ಲ! ಶುಗರ್‌ಗೆ ಒಳ್ಳೆಯ ಔಷಧಿ, ಅಗ್ಗ, ಹಳೆಯದು. ಆದರೆ ಉಬ್ಬರ, ಗ್ಯಾಸ್, ಸಡಿಲ ಮಲ ಇದರ ಅತಿ ಸಾಮಾನ್ಯ ಅಡ್ಡಪರಿಣಾಮ. ಡೋಸ್ ಒಮ್ಮೆಗೇ ಏರಿಸಿದಾಗ ಹೆಚ್ಚು. ನಿಮ್ಮದು ದುಪ್ಪಟ್ಟಾಗಿದೆ. ಇದನ್ನು ನೀವಾಗಿ ನಿಲ್ಲಿಸಬೇಡಿ, ಶುಗರ್ ಏರಿಬಿಡುತ್ತದೆ. ನಿಧಾನವಾಗಿ ಬಿಡುಗಡೆಯಾಗುವ ಎಸ್‌ಆರ್ ಮಾತ್ರೆಗೆ ಬದಲಿಸಬಹುದಾ, ಊಟದ ಜೊತೆ ತಗೊಳ್ಳಲಾ, ಡೋಸ್ ಇಳಿಸಿ ನಿಧಾನ ಏರಿಸಬಹುದಾ ಎಂದು ಶುಗರ್ ನೋಡುವ ವೈದ್ಯರನ್ನು ಕೇಳಿ. ಎಷ್ಟೋ ಜನರ ‘ಕರುಳಿನ ಕಾಯಿಲೆ’ ಇಷ್ಟಕ್ಕೇ ಅರ್ಧ ಇಳಿದದ್ದನ್ನು ನೋಡಿದ್ದೇನೆ.

ಮೂರನೆಯದು ಆ ಬೆಳಗಿನ ಗ್ಯಾಸ್ ಮಾತ್ರೆ. ಪ್ಯಾಂಟೊಪ್ರಜೋಲ್ ಥರದ್ದೇ ಇರಬೇಕು. ಅದು ಗ್ಯಾಸ್ ಮಾತ್ರೆ ಅಲ್ಲವೇ ಅಲ್ಲ. ಆಮ್ಲ ಕಡಿಮೆ ಮಾಡುವ ಮಾತ್ರೆ. ಎದೆಯುರಿ, ಹುಣ್ಣು ಇದ್ದರೆ ಬೇಕು. ಹೊಟ್ಟೆ ಉಬ್ಬರಕ್ಕೆ ಕೆಲಸ ಮಾಡುವುದಿಲ್ಲ. ಹೊಟ್ಟೆಯ ಆಮ್ಲ ಹೊರಗಿನ ರೋಗಾಣುಗಳಿಗೆ ಮೊದಲ ತಡೆ. ಅದನ್ನು ವರ್ಷಗಟ್ಟಲೆ ತಗ್ಗಿಸಿದರೆ ಕರುಳಿನ ಸೋಂಕಿನ ಸಾಧ್ಯತೆ ಸ್ವಲ್ಪ ಹೆಚ್ಚುತ್ತದೆ. ಯಾಕೆ ಶುರು ಮಾಡಿದ್ದು ಅಂತ ವೈದ್ಯರ ಜೊತೆ ಮಾತಾಡಿ, ಬೇಡವಾದರೆ ಹಂತಹಂತವಾಗಿ ಬಿಡಿ. ದಿಢೀರ್ ನಿಲ್ಲಿಸಿದರೆ ಕೆಲವು ವಾರ ಎದೆಯುರಿ ಕಾಡಬಹುದು.

ನಾಲ್ಕನೆಯದು ಪುಡಿ. ಅದನ್ನು ಹೇಳಿಯಾಯಿತು. ಪತ್ರದಲ್ಲಿ ಇಲ್ಲದ ಇನ್ನೊಂದು, ಹಾಲು. ಅಂಗಡಿಯಲ್ಲಿ ಕೂತವರಿಗೆ ದಿನಕ್ಕೆ ಎಷ್ಟು ಟೀ ಆಗುತ್ತದೆ ಎಂದು ಲೆಕ್ಕ ಹಾಕಿ. ನಮ್ಮಲ್ಲಿ ವಯಸ್ಕರಲ್ಲಿ ಲ್ಯಾಕ್ಟೋಸ್ ಜೀರ್ಣವಾಗದವರು ಬಹಳ. ಎರಡು ವಾರ ಹಾಲು, ಹಾಲಿನ ಟೀ ಕಾಫಿ ಬಿಟ್ಟು ನೋಡಿ. ಮೊಸರು, ಮಜ್ಜಿಗೆ ಇರಲಿ.

ಮಂಡಕ್ಕಿಯನ್ನು ಸುಮ್ನೆ ಬಿಟ್ಟಿರಿ. ಅದು ಅಕ್ಕಿ, ಗ್ಯಾಸ್ ಹುಟ್ಟಿಸುವುದರಲ್ಲಿ ಅದರ ಪಾಲು ಕಡಿಮೆ. ಉಬ್ಬರ ತರುವುದು ಮೇಲೆ ಉದುರಿಸುವ ಹಸಿ ಈರುಳ್ಳಿ, ಜೊತೆಗಿನ ಮಿರ್ಚಿಯ ಕಡಲೆಹಿಟ್ಟು. ಆದರೆ ಮಂಡಕ್ಕಿ ಶುಗರ್ ಬೇಗ ಏರಿಸುತ್ತದೆ. ಆ ಲೆಕ್ಕದಲ್ಲಿ ಒಂದು ಹಿಡಿಗೆ ನಿಲ್ಲಿಸಿ.

ಮಾಡಬೇಕಾದದ್ದು ಒಂದೊಂದಾಗಿ ಮಾಡಿ. ಎಲ್ಲ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣ ಕಂಡಿತು ಎಂದು ತಿಳಿಯುವುದಿಲ್ಲ. ಮೊದಲು ಪುಡಿ ನಿಲ್ಲಿಸಿ ಎರಡು ವಾರ ನೋಡಿ. ಆಮೇಲೆ ಹಾಲು. ಈ ನಡುವೆ ಮೆಟ್‌ಫಾರ್ಮಿನ್ ಬಗ್ಗೆ ಮಾತಾಡಿ. ನಂತರ ಇಸಬ್ಗೋಲ್ ಶುರು ಮಾಡಬಹುದು. ಇದೂ ನಾರೇ, ಆದರೆ ನಿಧಾನವಾಗಿ ಹುದುಗುವುದರಿಂದ ಗಾಳಿ ಕಡಿಮೆ. ಐಬಿಎಸ್‌ಗೆ ಇದರ ಪುರಾವೆ ಪ್ರೋಬಯಾಟಿಕ್‌ಗಿಂತ ಗಟ್ಟಿ, ಬೆಲೆಯೂ ಬಹಳ ಕಡಿಮೆ. ರಾತ್ರಿ ಒಂದು ಟೀ ಚಮಚದಿಂದ ಶುರು ಮಾಡಿ, ದೊಡ್ಡ ಲೋಟ ನೀರಿನ ಜೊತೆ. ನೀರು ಕಡಿಮೆಯಾದರೆ ಗಂಟಲಲ್ಲೇ ಅಂಟಿಕೊಳ್ಳಬಹುದು. ಬೇರೆ ಮಾತ್ರೆಗೂ ಇದಕ್ಕೂ ಎರಡು ಗಂಟೆ ಅಂತರ ಇರಲಿ. ಹೊಟ್ಟೆ ತಣ್ಣಗಾದ ಮೇಲೆ ಜೋಳದ ರೊಟ್ಟಿ, ಸೊಪ್ಪು, ನೆನೆಸಿ ನೀರು ಚೆಲ್ಲಿ ಬೇಯಿಸಿದ ಕಾಳು, ಬೇಯಿಸಿದ ಈರುಳ್ಳಿ, ಹೀಗೆ ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತಾ ಹೋಗಿ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಹೇಳುತ್ತದೆ. ಪ್ರಿಬಯಾಟಿಕ್ ಅಂಗಡಿಯಲ್ಲಿ ಹುಡುಕಬೇಕಿಲ್ಲ, ಚಿತ್ರದುರ್ಗದ ಕಡೆಯಿಂದ ಮೂಟೆಗಟ್ಟಲೆ ಈರುಳ್ಳಿ ಬರುತ್ತಲೇ ಇರುತ್ತದೆ.

ಇಷ್ಟಾದರೂ ಪ್ರೋಬಯಾಟಿಕ್ ಒಂದು ಸಲ ನೋಡಲೇಬೇಕು ಅನ್ನಿಸಿದರೆ ನಾನು ತಡೆಯುವುದಿಲ್ಲ. ಐಬಿಎಸ್ ಇರುವ ಕೆಲವರಿಗೆ ಕೆಲವು ತಳಿಗಳಿಂದ ಸ್ವಲ್ಪ ಹಾಯೆನಿಸುತ್ತದೆ. ತಳಿಯ ಸಂಕೇತ ಬರೆದಿರುವ, ಎಫ್‌ಒಎಸ್ ಇನ್ಯುಲಿನ್ ಇಲ್ಲದ ಒಂದನ್ನು ನಾಲ್ಕು ವಾರ ತಗೊಳ್ಳಿ. ಸಕ್ಕರೆ ಎಷ್ಟಿದೆ ನೋಡಿ, ಕುಡಿಯುವ ಬಾಟಲಿಗಳಲ್ಲಿ ಅದು ಜಾಸ್ತಿ ಇರುತ್ತದೆ. ಗುಣ ಕಾಣದಿದ್ದರೆ ನಿಲ್ಲಿಸಿ. ನಿಮ್ಮ ಮಟ್ಟಿಗೆ ದೊಡ್ಡ ಅಪಾಯ ಜೇಬಿಗೆ.

ಇದೆಲ್ಲ ಮಾಡುತ್ತಾ ಕೂರದೆ ಕೂಡಲೇ ತೋರಿಸಬೇಕಾದ ಲಕ್ಷಣಗಳೂ ಇವೆ. ಮಲದಲ್ಲಿ ರಕ್ತ ಅಥವಾ ಕಪ್ಪು ಮಲ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ನಿದ್ದೆಯಿಂದ ಎಬ್ಬಿಸುವ ಭೇದಿ, ಜ್ವರ, ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಇದ್ದದ್ದು. ನಿಮಗೆ 45 ದಾಟಿದೆ, ಮಲದ ಅಭ್ಯಾಸ ಹೊಸದಾಗಿ ಬದಲಾಗಿದೆ. ಹಾಗಾಗಿ ಇವು ಯಾವುದೂ ಇಲ್ಲದಿದ್ದರೂ ಒಮ್ಮೆ ಬಂದು ತೋರಿಸಿ, ಕೊಲೊನೋಸ್ಕೋಪಿ (ಕ್ಯಾಮೆರಾ ಹಾಕಿ ದೊಡ್ಡ ಕರುಳು ನೋಡುವ ಪರೀಕ್ಷೆ) ಬೇಕಾ ಎಂದು ಮಾತಾಡೋಣ. ಬರುವಾಗ ಎಲ್ಲ ಮಾತ್ರೆಗಳ ಪಟ್ಟಿ, ಆ ಪುಡಿಯ ಖಾಲಿ ಪ್ಯಾಕೆಟ್ ತನ್ನಿ.

ಮಗಳು ಹೇಳಿದ ಪರೀಕ್ಷೆ ಬೇಡ. ಮಲದಲ್ಲಿ ಯಾವ ಬ್ಯಾಕ್ಟೀರಿಯಾ ಎಷ್ಟಿದೆ ಎಂದು ಅವರು ಹೇಳಬಲ್ಲರು. ಎಷ್ಟಿರಬೇಕು ಎಂಬುದಕ್ಕೆ ಜಗತ್ತಿನಲ್ಲಿ ಒಪ್ಪಿತ ಅಳತೆ ಇನ್ನೂ ಇಲ್ಲ. ವರದಿಯ ಕೊನೆಯ ಪುಟದಲ್ಲಿ ಬಹಳ ಸಲ ಅವರದೇ ಪುಡಿಯ ಜಾಹೀರಾತು ಇರುತ್ತದೆ. ಆ ದುಡ್ಡಿನಲ್ಲಿ ಹಿಮೋಗ್ಲೋಬಿನ್, ಥೈರಾಯ್ಡ್ ಮತ್ತು ಬಿ12 ಪರೀಕ್ಷೆ ಮಾಡಿಸಿ. ಮೆಟ್‌ಫಾರ್ಮಿನ್ ಮತ್ತು ಆಮ್ಲದ ಮಾತ್ರೆ ಎರಡನ್ನೂ ಬಹಳ ದಿನ ತಗೊಂಡವರಲ್ಲಿ ಬಿ12 ಇಳಿಯುತ್ತದೆ. ಪಾದ ಜುಮ್ಮೆನ್ನುತ್ತಿದ್ದರೆ, ಹೊಲಿಯುವಾಗ ಬೆರಳು ಮರಗಟ್ಟಿದಂತಾಗುತ್ತಿದ್ದರೆ ಅದನ್ನೂ ಬಂದಾಗ ಹೇಳಿ.